ಸತ್ತವರು ಮನೆಗೆ ಬರುವ ಎರಡು ದಿನ

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಮೆಕ್ಸಿಕೊ ದೇಶದ ಸಂತೆ, ಮಾರುಕಟ್ಟೆಗಳೆಲ್ಲ ಹಳದಿ ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಲಾರಿಗಟ್ಟಲೆ ಚೆಂಡು ಹೂವು ಬಂದಿಳಿಯುತ್ತದೆ. ಜನ ತೋಳು ತುಂಬ ಹೊತ್ತು ಮನೆಗೆ ಒಯ್ಯುತ್ತಾರೆ. ಒಂದಿಷ್ಟು ಹೂವು ಮಾಲೆಯಾಗುತ್ತದೆ. ಇನ್ನೊಂದಿಷ್ಟನ್ನು ಎಸಳು ಬಿಡಿಸಿ, ಬೀದಿಯಿಂದ ಹೊಸ್ತಿಲಿನವರೆಗೆ, ಹೊಸ್ತಿಲಿನಿಂದ ನಡುಮನೆಯವರೆಗೆ ಕಾಲುದಾರಿಯಂತೆ ಉದುರಿಸುತ್ತಾರೆ. ಆ ದಾರಿಯನ್ನು ಯಾರೂ ತುಳಿಯುವುದಿಲ್ಲ. ವರ್ಷಕ್ಕೊಮ್ಮೆ ಮನೆಗೆ ಬರುವ ಸತ್ತವರು ದಾರಿ ತಪ್ಪಬಾರದೆಂದು ಹಾಕಿದ ಗುರುತು ಅದು.

ನವೆಂಬರ್ 1 ಮತ್ತು 2ರಂದು ನಡೆಯುವ ಈ ಆಚರಣೆಗೆ ‘ದಿಯಾ ದೆ ಮುಯೆರ್ತೊಸ್’, ಅಂದರೆ ಸತ್ತವರ ದಿನ ಎಂದು ಹೆಸರು. ಮೊದಲ ದಿನ ಬರುವವರು ತೀರಿಹೋದ ಮಕ್ಕಳು. ಅವರನ್ನು ‘ಆಂಹೆಲಿತೊಸ್’, ಪುಟ್ಟ ದೇವದೂತರು ಎಂದು ಕರೆಯುತ್ತಾರೆ. ಮರುದಿನ ದೊಡ್ಡವರ ಸರದಿ. ಕೆಲವು ಊರುಗಳಲ್ಲಿ ಅಕ್ಟೋಬರ್ 28ನ್ನು ಅಪಘಾತದಲ್ಲೋ ಕೊಲೆಗೆ ಸಿಕ್ಕಿಯೋ ಸತ್ತವರಿಗೆ ಮೀಸಲಿಡುತ್ತಾರೆ. ಬಂದವರು ನವೆಂಬರ್ 2ರಂದು ಊಟ ಮುಗಿಸಿ ಹೊರಡುತ್ತಾರೆ ಎಂಬುದು ನಂಬಿಕೆ.

ಹಬ್ಬದ ಕೇಂದ್ರ ಮನೆಯೊಳಗೆ ಇಡುವ ಎಡೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ಒಫ್ರೆಂಡಾ’ ಎನ್ನುತ್ತಾರೆ. ಮೇಜಿನ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಪೆಟ್ಟಿಗೆಗಳನ್ನು ಜೋಡಿಸಿ, ಬಟ್ಟೆ ಹಾಸಿ, ಮೇಲ್ಗಡೆ ತೀರಿಹೋದವರ ಫೋಟೋಗಳನ್ನು ಇಡುತ್ತಾರೆ. ತೆಳು ಕಾಗದದಲ್ಲಿ ಉಳಿಯಿಂದ ಚಿತ್ತಾರ ಕೊರೆದ ತೋರಣ ಮೇಲೆ ತೂಗುತ್ತದೆ. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಮೇಣದ ಬತ್ತಿ. ದೂರದಿಂದ ಬಂದವರ ಬಾಯಾರಿಕೆಗೆ ಒಂದು ಲೋಟ ನೀರು, ಪಕ್ಕದಲ್ಲಿ ಉಪ್ಪು. ಮಣ್ಣಿನ ಧೂಪಾರತಿಯಲ್ಲಿ ‘ಕೋಪಾಲ್’ ಎಂಬ ಮರದ ಅಂಟಿನ ಹೊಗೆ. ಆಮೇಲೆ ಸತ್ತವರಿಗೆ ಏನು ಇಷ್ಟವಿತ್ತೋ ಅದೆಲ್ಲ. ಮೆಣಸಿನಕಾಯಿ, ಎಳ್ಳು, ಚಾಕೊಲೇಟ್ ಅರೆದು ಮಾಡುವ ‘ಮೋಲೆ’ ಎಂಬ ಗಟ್ಟಿ ಸಾರು, ಮುಸುಕಿನ ಜೋಳದ ಹಿಟ್ಟನ್ನು ಅದರದೇ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ‘ತಮಾಲೆ’, ಹಣ್ಣು, ಮದ್ಯ, ಸಿಗರೇಟು. ಮಕ್ಕಳಾಗಿದ್ದರೆ ಆಟಿಕೆ, ಹಾಲು, ಖಾರವಿಲ್ಲದ ಅಡುಗೆ. ಇವೆಲ್ಲದರ ನಡುವೆ ‘ಪಾನ್ ದೆ ಮುಯೆರ್ತೊ’, ಸತ್ತವರ ಬ್ರೆಡ್ಡು ಇರಲೇಬೇಕು. ಉಬ್ಬಿದ ಈ ದುಂಡು ಬ್ರೆಡ್ಡಿನ ಮೇಲೆ ಹಿಟ್ಟಿನಲ್ಲೇ ಮಾಡಿದ ಮೂಳೆಯ ಆಕಾರಗಳಿರುತ್ತವೆ.

ಬಂದವರು ಉಣ್ಣುವುದು ಪರಿಮಳವನ್ನು ಮಾತ್ರ. ಉಳಿದದ್ದನ್ನು ಮನೆಯವರು, ನೆಂಟರು, ನೆರೆಹೊರೆಯವರು ಹಂಚಿಕೊಳ್ಳುತ್ತಾರೆ. ಎಡೆಯಿಂದ ತೆಗೆದ ಅಡುಗೆಗೆ ಮೊದಲಿನ ರುಚಿ ಇರುವುದಿಲ್ಲ, ಅದನ್ನು ಹಿರಿಯರು ಒಯ್ದಿರುತ್ತಾರೆ ಎಂದು ಹೇಳುವವರುಂಟು. ಕೆಲವು ಮನೆಗಳಲ್ಲಿ ಒಂದು ಹೆಚ್ಚಿನ ಬತ್ತಿ, ಒಂದು ಹೆಚ್ಚಿನ ಲೋಟ ನೀರು ಇಡುತ್ತಾರೆ. ನೆನೆಯಲು ಯಾರೂ ಇಲ್ಲದ ಒಂಟಿ ಜೀವಕ್ಕೆ ಅದು.

ಊರಿಗೊಂದು ರೀತಿ

ಹಬ್ಬ ಒಂದೇ ಆದರೂ ನಡೆಯುವ ಬಗೆ ಊರಿಂದ ಊರಿಗೆ ಬದಲಾಗುತ್ತದೆ. ರಾಜಧಾನಿ ಮೆಕ್ಸಿಕೊ ನಗರದ ಅಂಚಿನಲ್ಲಿರುವ ಮಿಸ್ಕಿಕ್‌ನಲ್ಲಿ ನವೆಂಬರ್ 2ರ ಸಂಜೆ ಚರ್ಚಿನ ಸ್ಮಶಾನದಲ್ಲಿ ಸಾವಿರಾರು ಮೇಣದ ಬತ್ತಿಗಳು ಹೊತ್ತಿಕೊಳ್ಳುತ್ತವೆ. ಪಶ್ಚಿಮದ ಮಿಚೊಕಾನ್ ರಾಜ್ಯದ ಪಾತ್ಸ್‌ಕ್ವಾರೊ ಸರೋವರದಲ್ಲಿ ಹಾನಿತ್ಸಿಯೊ ಎಂಬ ದ್ವೀಪವಿದೆ. ಅಲ್ಲಿ ಪುರೆಪೆಚಾ ಬುಡಕಟ್ಟಿನ ಹೆಂಗಸರು ಗೋರಿಗಳ ಬಳಿ ಹೂವು, ಬುತ್ತಿ ಇಟ್ಟುಕೊಂಡು ರಾತ್ರಿಯಿಡೀ ಎಚ್ಚರವಾಗಿ ಕುಳಿತಿರುತ್ತಾರೆ. ಪುಯೆಬ್ಲಾ ರಾಜ್ಯದ ವಾಕೆಚುಲಾದಲ್ಲಿ ಆ ವರ್ಷ ಸಾವು ಕಂಡ ಮನೆಗಳು ಬಿಳಿ ಸ್ಯಾಟಿನ್ ಬಟ್ಟೆಯಿಂದ ಸೂರು ಮುಟ್ಟುವಷ್ಟು ಎತ್ತರದ ಮಂಟಪ ಕಟ್ಟುತ್ತವೆ. ಗುರುತಿಲ್ಲದವರು ನೋಡಲು ಬಂದರೂ ಅವರಿಗೆ ಊಟ ಹಾಕದೆ ಕಳುಹಿಸುವುದಿಲ್ಲ.

ಮಾಯಾ ಜನರ ಯುಕಟಾನ್ ಪ್ರದೇಶದಲ್ಲಿ ಇದಕ್ಕೆ ‘ಹನಾಲ್ ಪಿಶಾನ್’, ಅಂದರೆ ಆತ್ಮಗಳ ಊಟ ಎಂದು ಹೆಸರು. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲುಗಳ ಮೇಲೆ, ಬಾಳೆಲೆಯಲ್ಲಿ ಸುತ್ತಿದ ಜೋಳದ ಹಿಟ್ಟು ಮತ್ತು ಕೋಳಿ ಮಾಂಸದ ದೊಡ್ಡ ಕಡುಬನ್ನು ಬೇಯಿಸುತ್ತಾರೆ. ಅದೇ ಭಾಗದ ಪೊಮುಚ್ ಎಂಬ ಊರಿನಲ್ಲಿ ಹಬ್ಬಕ್ಕೆ ಮುಂಚೆ ಮನೆಯವರು ತಮ್ಮ ಹಿರಿಯರ ಮೂಳೆಗಳನ್ನೇ ಪೆಟ್ಟಿಗೆಯಿಂದ ಹೊರತೆಗೆಯುತ್ತಾರೆ. ಬ್ರಷ್ಷಿನಿಂದ ಒಂದೊಂದಾಗಿ ಧೂಳು ಒರೆಸಿ, ಕಸೂತಿ ಹಾಕಿದ ಹೊಸ ಬಟ್ಟೆಯ ಮೇಲೆ ಜೋಡಿಸಿಡುತ್ತಾರೆ. ಹೊರಗಿನವರಿಗೆ ಎದೆ ನಡುಗಿಸುವ ಈ ಕೆಲಸ ಅವರಿಗೆ ಅಜ್ಜನ ಬಟ್ಟೆ ಬದಲಿಸಿದಷ್ಟೇ ಸಹಜ.

ಚೆಂಡು ಹೂವಿನ ನಂಟು

ಈ ಹಬ್ಬದ ಹೂವು ಕನ್ನಡಿಗರಿಗೆ ಹೊಸದಲ್ಲ. ಆಯುಧಪೂಜೆಗೆ ಬಸ್ಸು, ಲಾರಿಗಳ ಮುಂದೆ ತೂಗುವ, ದೀಪಾವಳಿಗೆ ಬಾಗಿಲು ತುಂಬುವ ಚೆಂಡು ಹೂವೇ ಅದು. ಇದು ನಮ್ಮದೇ ಹೂವು ಎಂದು ನಂಬಿದವರು ಬಹಳ. ಆದರೆ ಇದರ ತವರು ಮೆಕ್ಸಿಕೊ. ಮೆಣಸಿನಕಾಯಿ, ಟೊಮೆಟೊಗಳಂತೆ ಇದು ಕೂಡ 16ನೇ ಶತಮಾನದ ನಂತರ ಯುರೋಪಿಯನ್ನರ ಹಡಗುಗಳ ದಾರಿಯಲ್ಲಿ ಭಾರತಕ್ಕೆ ಬಂದದ್ದು. ಅಜ್ಟೆಕ್ ಜನರ ನಾವಾತ್ಲ್ ಭಾಷೆಯಲ್ಲಿ ಇದರ ಹೆಸರಿನ ಅರ್ಥ ‘ಇಪ್ಪತ್ತು ಹೂವು’. ಅವರ ಲೆಕ್ಕ ಇಪ್ಪತ್ತರ ಲೆಕ್ಕವಾದ್ದರಿಂದ ಇಪ್ಪತ್ತು ಎಂದರೆ ತುಂಬಾ ಎಂದರ್ಥ. ಒಂದೇ ತೊಟ್ಟಿನಲ್ಲಿ ಎಷ್ಟೋ ಎಸಳು ಎಂಬ ಭಾವ. ಇಂದಿನ ‘ಸೆಂಪಸೂಚಿಲ್’ ಎಂಬ ಹೆಸರು ಅದರಿಂದಲೇ ಬಂದಿದೆ. ಈ ಬಣ್ಣ, ಈ ಘಾಟು ವಾಸನೆ ಸತ್ತವರನ್ನು ಮನೆಗೆ ಕರೆತರುತ್ತದೆ ಎಂಬುದು ಅಲ್ಲಿನ ನಂಬಿಕೆ.

ಇನ್ನೊಂದು ನಂಟು ಚರ್ಚಿನ ಪಂಚಾಂಗದ್ದು. ನವೆಂಬರ್ 2ರಂದು ಮಂಗಳೂರು, ಬೆಂಗಳೂರಿನ ಕ್ಯಾಥೊಲಿಕ್ ಸ್ಮಶಾನಗಳಲ್ಲೂ ಗೋರಿಗಳನ್ನು ತೊಳೆದು, ಹೂವಿಟ್ಟು, ಬತ್ತಿ ಹಚ್ಚುತ್ತಾರೆ. ದಿನ ಒಂದೇ, ಪ್ರಾರ್ಥನೆಯೂ ಒಂದೇ. ಹಾಗಿದ್ದರೆ ಮೆಕ್ಸಿಕೊದಲ್ಲಿ ಮಾತ್ರ ಅದು ಇಷ್ಟು ದೊಡ್ಡ ಹಬ್ಬವಾದದ್ದು ಹೇಗೆ?

ಎರಡು ಲೋಕಗಳು

ಕ್ರಿ.ಶ. 1521ರ ಆಗಸ್ಟ್ 13ರಂದು ಅಜ್ಟೆಕ್ ರಾಜಧಾನಿ ತೆನೊಚ್ತಿತ್ಲಾನ್ ಸ್ಪೇನಿನ ಎರ್ನಾನ್ ಕೊರ್ತೆಸ್‌ನ ಕೈಸೇರಿತು. ಅದಕ್ಕೆ ಮುಂಚೆ ಆ ಜನಕ್ಕೆ ಸಾವಿನ ಬಗ್ಗೆ ತಮ್ಮದೇ ಆದ ಕಲ್ಪನೆಗಳಿದ್ದವು. ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂಬುದನ್ನು ಅವನ ಪಾಪಪುಣ್ಯಗಳು ನಿರ್ಧರಿಸುತ್ತಿರಲಿಲ್ಲ, ಅವನು ಸತ್ತ ರೀತಿ ನಿರ್ಧರಿಸುತ್ತಿತ್ತು. ಯುದ್ಧದಲ್ಲಿ ಮಡಿದವರು, ಹೆರಿಗೆಯಲ್ಲಿ ಸತ್ತ ತಾಯಂದಿರು ಸೂರ್ಯನ ಜೊತೆಗೆ ಹೋಗುತ್ತಿದ್ದರು. ನೀರಿನಲ್ಲಿ ಮುಳುಗಿದವರು ಮಳೆದೇವರ ಲೋಕಕ್ಕೆ. ಎಳೆ ಕೂಸುಗಳಿಗೆ ಹಾಲು ತೊಟ್ಟಿಕ್ಕುವ ಒಂದು ಮರವಿತ್ತು. ಮುಪ್ಪಿನಿಂದ, ಕಾಯಿಲೆಯಿಂದ ಸತ್ತ ಸಾಮಾನ್ಯರೆಲ್ಲ ‘ಮಿಕ್ತ್ಲಾನ್’ ಎಂಬ ಪಾತಾಳಕ್ಕೆ ನಾಲ್ಕು ವರ್ಷ ನಡೆಯಬೇಕು. ದಾರಿಯಲ್ಲೊಂದು ಹೊಳೆ. ಅದನ್ನು ದಾಟಿಸಲು ಒಂದು ನಾಯಿ ಬೇಕು. ಈ ವಿವರಗಳನ್ನು ಸ್ಥಳೀಯರಿಂದ ಕೇಳಿ ಬರೆದಿಟ್ಟವನು ಬೆರ್ನಾರ್ದಿನೊ ದೆ ಸಹಗೂನ್ ಎಂಬ ಸ್ಪ್ಯಾನಿಷ್ ಪಾದ್ರಿ.

ಇಪ್ಪತ್ತು ದಿನಗಳಿಗೊಂದರಂತೆ ಹದಿನೆಂಟು ತಿಂಗಳಿದ್ದ ಅಜ್ಟೆಕ್ ಪಂಚಾಂಗದಲ್ಲಿ ಸತ್ತವರಿಗೆ ಎರಡು ಹಬ್ಬಗಳಿದ್ದವು. ಒಂದು ಸತ್ತವರ ಚಿಕ್ಕ ಹಬ್ಬ, ಇನ್ನೊಂದು ದೊಡ್ಡ ಹಬ್ಬ. ಇವೆರಡೂ ಬರುತ್ತಿದ್ದುದು ಸುಮಾರಾಗಿ ಇಂದಿನ ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಅತ್ತ ಯುರೋಪಿನಲ್ಲಿ ನವೆಂಬರ್ 1 ಸಕಲ ಸಂತರ ದಿನವಾಗಿತ್ತು. ಕ್ರಿ.ಶ. 1000ದ ಆಸುಪಾಸಿನಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಓದಿಲೊ ನವೆಂಬರ್ 2ನ್ನು ಸತ್ತ ಸಕಲ ಆತ್ಮಗಳ ಪ್ರಾರ್ಥನೆಗೆ ಮೀಸಲಿಟ್ಟ. ಆ ಪದ್ಧತಿ ಕ್ರಮೇಣ ಇಡೀ ಕ್ಯಾಥೊಲಿಕ್ ಜಗತ್ತಿಗೆ ಹರಡಿತು. ವಿಜೇತರ ಜೊತೆ ಅದು ಮೆಕ್ಸಿಕೊಗೂ ಬಂತು.

ಈ ಎರಡೂ ಎಲ್ಲಿ ಸೇರಿದವು ಎಂಬುದಕ್ಕೆ ಒಬ್ಬ ಸಾಕ್ಷಿದಾರನಿದ್ದಾನೆ. ದಿಯೆಗೊ ದುರಾನ್ ಎಂಬ ಡೊಮಿನಿಕನ್ ಪಾದ್ರಿ ಸ್ಪೇನಿನಲ್ಲಿ ಹುಟ್ಟಿದರೂ ಬೆಳೆದದ್ದು ಮೆಕ್ಸಿಕೊದಲ್ಲಿ. ನಾವಾತ್ಲ್ ಭಾಷೆ ಅವನಿಗೆ ಚೆನ್ನಾಗಿ ಬರುತ್ತಿತ್ತು. 1570ರ ದಶಕದಲ್ಲಿ ಬರೆದ ಗ್ರಂಥದಲ್ಲಿ ಅವನೊಂದು ಸಂಗತಿ ದಾಖಲಿಸಿದ್ದಾನೆ. ಸಕಲ ಸಂತರ ದಿನದಂದು ಜನ ಎಡೆ ಇಡುವುದನ್ನು ಕಂಡು ಯಾರಿಗೆ ಇದು ಎಂದು ಕೇಳಿದ. ಮಕ್ಕಳಿಗೆ, ಹಿಂದಿನಿಂದ ಬಂದ ರೂಢಿ ಎಂಬ ಉತ್ತರ ಬಂತು. ಮರುದಿನದ ಎಡೆ ದೊಡ್ಡವರಿಗಾಗಿತ್ತು. ಹಳೆಯ ಚಿಕ್ಕ ಹಬ್ಬ, ದೊಡ್ಡ ಹಬ್ಬಗಳನ್ನೇ ಜನ ಸದ್ದಿಲ್ಲದೆ ಚರ್ಚಿನ ಎರಡು ದಿನಗಳಿಗೆ ಸಾಗಿಸಿಬಿಟ್ಟಿದ್ದಾರೆ ಎಂದು ಅವನಿಗೆ ಅನುಮಾನ ಬಂತು. ಆತ ಅದನ್ನು ಬರೆದದ್ದು ಮೆಚ್ಚಿ ಅಲ್ಲ, ಆತಂಕದಿಂದ.

ಎಲ್ಲ ವಿದ್ವಾಂಸರೂ ಇದನ್ನು ಪೂರ್ತಿ ಒಪ್ಪುವುದಿಲ್ಲ. ಸತ್ತವರ ಹೆಸರಿನಲ್ಲಿ ಬ್ರೆಡ್ಡು, ಸಿಹಿ ಹಂಚುವ, ಗೋರಿಗೆ ಹೂವು ಬತ್ತಿ ಇಡುವ ಪದ್ಧತಿ ಸ್ಪೇನ್, ಇಟಲಿಗಳಲ್ಲಿ ಮೊದಲೇ ಇತ್ತು. ಸಿಸಿಲಿ ದ್ವೀಪದಲ್ಲಿ ನವೆಂಬರ್ 2ಕ್ಕೆ ಮಕ್ಕಳಿಗೆ ಸಕ್ಕರೆ ಗೊಂಬೆ ಕೊಡುವ ರೂಢಿಯಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟಾನ್ಲಿ ಬ್ರಾಂಡೆಸ್, ಮೆಕ್ಸಿಕೊದ ಇತಿಹಾಸಕಾರ್ತಿ ಎಲ್ಸಾ ಮಾಲ್ವಿದೊ ಮುಂತಾದವರು ಹಬ್ಬದ ಬಹುಪಾಲು ಲಕ್ಷಣಗಳು ಯುರೋಪಿನಿಂದ ಬಂದವು ಎಂದು ವಾದಿಸಿದ್ದಾರೆ. ಅಜ್ಟೆಕ್ ಮೂಲದ ಮಾತಿಗೆ ಒತ್ತು ಸಿಕ್ಕಿದ್ದು 20ನೇ ಶತಮಾನದಲ್ಲಿ, ದೇಶಕ್ಕೆ ತನ್ನದೇ ಗುರುತು ಬೇಕಾದಾಗ ಎಂಬುದು ಈ ವಾದದ ಸಾರ.

ಆದರೆ ಎರಡೂ ಪಕ್ಷಗಳು ಒಪ್ಪುವ ಒಂದು ಸತ್ಯವಿದೆ. 16ನೇ ಶತಮಾನದ ಮೆಕ್ಸಿಕೊ ಸಾವಿನ ನಾಡಾಗಿತ್ತು. 1520ರಲ್ಲಿ ಸಿಡುಬು ಬಂತು. 1545ರಲ್ಲಿ, ಮತ್ತೆ 1576ರಲ್ಲಿ ಇನ್ನೂ ಘೋರವಾದ ಸಾಂಕ್ರಾಮಿಕಗಳು ಬಂದವು. ಅಂದಾಜುಗಳಲ್ಲಿ ವ್ಯತ್ಯಾಸವಿದ್ದರೂ, ನೂರು ವರ್ಷಗಳಲ್ಲಿ ಮೂಲನಿವಾಸಿಗಳ ಸಂಖ್ಯೆ ಹತ್ತರಲ್ಲಿ ಒಂದರಷ್ಟಕ್ಕೆ ಕುಸಿಯಿತು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಊರಿಗೆ ಊರೇ ಹೋದ ಮೇಲೆ ಉಳಿದವರಿಗೆ ಸತ್ತವರ ಹೆಸರು ಹಿಡಿದು ಕೂಗಲು ಸಿಕ್ಕ ದಿನಗಳು ಇವೆರಡು. ದುರಾನ್ ಕಂಡದ್ದು ಹಳೆಯ ಧರ್ಮದ ಕಳ್ಳ ಆಚರಣೆಯೋ, ಹೊಸ ಧರ್ಮದ ಹೊಸ ರೂಢಿಯೋ, ಎಡೆಯ ಮುಂದೆ ಕುಳಿತಿದ್ದವರು ಮಾತ್ರ ಅಪ್ಪ, ಅಮ್ಮ, ಮಕ್ಕಳನ್ನು ಕಳೆದುಕೊಂಡವರೇ.

ನಗುವ ತಲೆಬುರುಡೆ

ಹಬ್ಬದ ಇನ್ನೊಂದು ಗುರುತು ಸಕ್ಕರೆಯ ತಲೆಬುರುಡೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆಯೇ ಇದನ್ನೂ ಅಚ್ಚಿನಲ್ಲಿ ಹೊಯ್ಯುತ್ತಾರೆ. ಆಮೇಲೆ ಬಣ್ಣದ ಸಕ್ಕರೆ ಪಾಕದಲ್ಲಿ ಹೂವು, ಬಳ್ಳಿ ಬಿಡಿಸಿ, ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಸತ್ತವರ ಹೆಸರೇ ಆಗಬೇಕೆಂದಿಲ್ಲ. ಗೆಳೆಯರು ಒಬ್ಬರಿಗೊಬ್ಬರು ತಮ್ಮ ತಮ್ಮ ಹೆಸರಿನ ಬುರುಡೆ ಕೊಟ್ಟು ನಗುವುದೂ ಉಂಟು. 1760ರ ದಶಕದಲ್ಲಿ ಮೆಕ್ಸಿಕೊ ಸುತ್ತಿದ ಫ್ರಾನ್ಸಿಸ್ಕೊ ದೆ ಅಹೊಫ್ರಿನ್ ಎಂಬ ಪಾದ್ರಿ, ಸತ್ತವರ ದಿನಕ್ಕೆ ಮುಂಚೆ ಬೀದಿಗಳಲ್ಲಿ ಸಕ್ಕರೆ ಕುರಿಮರಿ ಮುಂತಾದ ಗೊಂಬೆಗಳು ಮಾರಾಟವಾಗುವುದನ್ನು ಬರೆದಿದ್ದಾನೆ.

ಸಾವನ್ನು ತಮಾಷೆ ಮಾಡುವ ಈ ಗುಣಕ್ಕೆ ಚಿತ್ರರೂಪ ಕೊಟ್ಟವನು ಹೊಸೆ ಗ್ವಾದಲೂಪೆ ಪೊಸಾದಾ (1852–1913). ಆತ ಮೆಕ್ಸಿಕೊ ನಗರದ ಆಂತೊನಿಯೊ ವಾನೆಗಾಸ್ ಅರೊಯೊ ಎಂಬ ಪ್ರಕಾಶಕನಿಗೆ ಚಿತ್ರ ಕೊರೆದುಕೊಡುತ್ತಿದ್ದ. ಹಬ್ಬದ ಹೊತ್ತಿಗೆ ಬದುಕಿರುವ ದೊಡ್ಡ ಮನುಷ್ಯರನ್ನೇ ಸತ್ತವರಂತೆ ಹಾಡಿ ಗೇಲಿ ಮಾಡುವ ಪದ್ಯಗಳ ಹಾಳೆ ಅಚ್ಚಾಗುತ್ತಿದ್ದವು. ಪೊಸಾದಾನ ಚಿತ್ರಗಳಲ್ಲಿ ಮಂತ್ರಿ, ದಂಡನಾಯಕ, ಕುಡುಕ, ಸೈಕಲ್ ಸವಾರ ಎಲ್ಲರೂ ಅಸ್ಥಿಪಂಜರಗಳು. ಓದಲು ಬಾರದ ಜನವೂ ಚಿತ್ರ ನೋಡಿ ನಗುತ್ತಿದ್ದರು. ಅವನು ಬದುಕಿನ ಕೊನೆಗಾಲದಲ್ಲಿ ಕೊರೆದ ಒಂದು ಚಿತ್ರದಲ್ಲಿ ಹೂವು, ಗರಿಗಳ ದೊಡ್ಡ ಫ್ರೆಂಚ್ ಟೋಪಿ ತೊಟ್ಟ ಹೆಣ್ಣು ಬುರುಡೆಯಿದೆ. ತನ್ನ ಮೂಲನಿವಾಸಿ ಹುಟ್ಟನ್ನು ಮುಚ್ಚಿಟ್ಟು ಯುರೋಪಿನವರಂತೆ ಬೀಗುವವರ ಮೇಲಿನ ಕುಟುಕು ಅದು. ಟೋಪಿ ಎಷ್ಟೇ ದೊಡ್ಡದಿದ್ದರೂ ಕೆಳಗಿರುವುದು ಬುರುಡೆಯೇ.

ಪೊಸಾದಾ 1913ರ ಜನವರಿಯಲ್ಲಿ ಬಡತನದಲ್ಲೇ ತೀರಿಕೊಂಡ. ಅವನನ್ನು ಹೂಳಿದ್ದು ಬಡವರ ಗುಂಡಿಯಲ್ಲಿ. ಅಸ್ಥಿಪಂಜರಗಳಿಂದ ಹೆಸರಾದವನ ಮೂಳೆಗಳು ಎಲ್ಲಿವೆ ಎಂದು ಗುರುತಿಸುವವರು ಉಳಿಯಲಿಲ್ಲ. 1947ರಲ್ಲಿ ವರ್ಣಚಿತ್ರಕಾರ ದಿಯೆಗೊ ರಿವೇರಾ ರಾಜಧಾನಿಯ ಒಂದು ಹೋಟೆಲಿಗೆ ಬಿಡಿಸಿದ ಭಿತ್ತಿಚಿತ್ರದ ನಡುವೆ ಆ ಟೋಪಿಯ ಬುರುಡೆಗೆ ಮೈ ಕೊಟ್ಟು, ಉಡುಪು ತೊಡಿಸಿ ನಿಲ್ಲಿಸಿದ. ಅವಳ ಒಂದು ಪಕ್ಕದಲ್ಲಿ ಪೊಸಾದಾ, ಇನ್ನೊಂದು ಪಕ್ಕದಲ್ಲಿ ಅವಳ ಕೈ ಹಿಡಿದ ಬಾಲಕ ರಿವೇರಾ. ‘ಕತ್ರೀನಾ’ ಎಂದು ಇಂದು ಜಗತ್ತೆಲ್ಲ ಗುರುತಿಸುವ ರೂಪ ಇದೇ. 1985ರ ಸೆಪ್ಟೆಂಬರ್ 19ರ ಭೂಕಂಪದಲ್ಲಿ ಆ ಹೋಟೆಲು ಹಾಳಾಯಿತು. ಚಿತ್ರ ಉಳಿಯಿತು. ಅದನ್ನು ಬೇರೆಡೆಗೆ ಸಾಗಿಸಿ ಅದಕ್ಕೆಂದೇ ಒಂದು ಮ್ಯೂಸಿಯಂ ಕಟ್ಟಲಾಯಿತು.

ಸರ್ಕಾರ, ಸಿನಿಮಾ, ಮೆರವಣಿಗೆ

1910ರ ಕ್ರಾಂತಿಯ ನಂತರ ಬಂದ ಸರ್ಕಾರಗಳು ಹಳ್ಳಿಯ, ಮೂಲನಿವಾಸಿಗಳ ಆಚರಣೆಗಳನ್ನು ದೇಶದ ಹೆಮ್ಮೆಯೆಂದು ಎತ್ತಿ ಹಿಡಿದವು. ಶಾಲೆಗಳಲ್ಲಿ ಎಡೆ ಇಡುವ ಸ್ಪರ್ಧೆಗಳು ಬಂದವು. ಉತ್ತರದ ನೆರೆಯ ಅಮೆರಿಕದಿಂದ ಹ್ಯಾಲೊವೀನ್ ನುಗ್ಗತೊಡಗಿದಾಗ ಸತ್ತವರ ದಿನ ಅದಕ್ಕೆ ಎದುರು ನಿಂತ ಸ್ವದೇಶಿ ಹಬ್ಬವಾಯಿತು. 1970ರ ದಶಕದಿಂದ ಹಾನಿತ್ಸಿಯೊದಂಥ ಊರುಗಳಿಗೆ ಪ್ರವಾಸಿಗರ ದಂಡು ಹರಿಯತೊಡಗಿತು.

ಮೆಕ್ಸಿಕೊದವರು ಸಾವಿಗೆ ಅಂಜುವುದಿಲ್ಲ, ಅದರೊಡನೆ ಆಡುತ್ತಾರೆ ಎಂಬ ಮಾತು ಪ್ರಸಿದ್ಧವಾಗಲು ಮುಖ್ಯ ಕಾರಣ ಕವಿ ಆಕ್ಟೇವಿಯೊ ಪಾಜ್ 1950ರಲ್ಲಿ ಪ್ರಕಟಿಸಿದ ಪ್ರಬಂಧ ಸಂಕಲನ. ಅದರ ಒಂದು ಅಧ್ಯಾಯ ಈ ಹಬ್ಬದ ಬಗ್ಗೆಯೇ ಇದೆ. ಇದೇ ಪಾಜ್ 1962ರಿಂದ ದೆಹಲಿಯಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದರು. 1968ರ ಅಕ್ಟೋಬರ್ 2ರಂದು ಮೆಕ್ಸಿಕೊ ನಗರದ ತ್ಲಾತೆಲೋಲ್ಕೊ ಚೌಕದಲ್ಲಿ ಸೈನ್ಯ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ ಸುದ್ದಿ ಕೇಳಿ ಅವರು ಹುದ್ದೆ ತೊರೆದರು. ಅಂದು ಸತ್ತವರೆಷ್ಟು ಎಂಬುದರ ಬಗ್ಗೆ ಒಮ್ಮತ ಇಂದಿಗೂ ಮೂಡಿಲ್ಲ. ಸಾವಿನೊಡನೆ ಆಡುವ ನಾಡಿನಲ್ಲೂ ಎಲ್ಲ ಸಾವುಗಳನ್ನು ನಗುತ್ತಾ ಸ್ವೀಕರಿಸಲಾಗದು ಎಂಬುದನ್ನು ಪಾಜ್ ಅವರ ರಾಜೀನಾಮೆಯೇ ಹೇಳುವಂತಿದೆ.

ಯುನೆಸ್ಕೊ 2003ರಲ್ಲಿ ಈ ಹಬ್ಬವನ್ನು ಗುರುತಿಸಿ, 2008ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. 2013ರಲ್ಲಿ ಡಿಸ್ನಿ ಕಂಪನಿ ಹಬ್ಬದ ಹೆಸರನ್ನೇ ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟು, ಜನ ತಿರುಗಿಬಿದ್ದಾಗ ಅರ್ಜಿ ಹಿಂತೆಗೆದುಕೊಂಡಿತು. ಆಗ ಅದನ್ನು ಕಟುವಾಗಿ ಟೀಕಿಸಿದ ವ್ಯಂಗ್ಯಚಿತ್ರಕಾರ ಲಾಲೊ ಅಲ್ಕರಾಸ್ ಅವರನ್ನೇ ಮುಂದೆ 2017ರ ‘ಕೊಕೊ’ ಚಿತ್ರಕ್ಕೆ ಸಲಹೆಗಾರರನ್ನಾಗಿ ಕರೆಯಲಾಯಿತು. 2015ರ ಜೇಮ್ಸ್ ಬಾಂಡ್ ಚಿತ್ರ ‘ಸ್ಪೆಕ್ಟರ್’ ಶುರುವಾಗುವುದು ಮೆಕ್ಸಿಕೊ ನಗರದ ಭಾರಿ ಮೆರವಣಿಗೆಯಿಂದ. ಅಂಥ ಮೆರವಣಿಗೆ ಅಲ್ಲಿ ಇರಲೇ ಇಲ್ಲ, ಅದು ಚಿತ್ರದವರ ಕಲ್ಪನೆ. ಆದರೆ ಚಿತ್ರ ನೋಡಿದವರು ಹುಡುಕಿಕೊಂಡು ಬರುತ್ತಾರೆಂದು ನಗರಾಡಳಿತ 2016ರ ಅಕ್ಟೋಬರ್ 29ರಂದು ನಿಜವಾಗಿಯೇ ಮೆರವಣಿಗೆ ನಡೆಸಿತು. ಈಗ ಅದು ವರ್ಷವರ್ಷದ ಕಾರ್ಯಕ್ರಮ.

ಇದನ್ನು ಕಂಡು ಹಬ್ಬ ಕೆಟ್ಟಿತು ಎನ್ನುವವರಿದ್ದಾರೆ. ಆದರೆ ಚರ್ಚಿನ ದಿನಗಳು, ಪೊಸಾದಾನ ಬುರುಡೆ, ಶಾಲೆಯ ಸ್ಪರ್ಧೆ ಎಲ್ಲವೂ ಒಂದೊಂದು ಕಾಲದಲ್ಲಿ ಹೊಸದಾಗಿ ಸೇರಿದವೇ. 1985ರ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. 2017ರಲ್ಲಿ ಅದೇ ಸೆಪ್ಟೆಂಬರ್ 19ರಂದು ಮತ್ತೆ ಭೂಮಿ ನಡುಗಿತು. ಆ ವರ್ಷದ ಮೆರವಣಿಗೆಯಲ್ಲಿ ಭೂಕಂಪಕ್ಕೆ ಬಲಿಯಾದವರಿಗೂ ಅವಶೇಷಗಳಡಿ ಸಿಲುಕಿದವರನ್ನು ಎಳೆದು ತೆಗೆದವರಿಗೂ ಗೌರವ ಸಂದಿತು. 2020ರಲ್ಲಿ ಕೋವಿಡ್ ಕಾರಣಕ್ಕೆ ರಾಜಧಾನಿಯ ಸ್ಮಶಾನಗಳ ಬಾಗಿಲು ಮುಚ್ಚಿತು. ಸರ್ಕಾರ ಮೂರು ದಿನದ ಶೋಕ ಘೋಷಿಸಿತು. ಜನ ಮನೆಯೊಳಗೇ ಎಡೆ ಇಟ್ಟರು. ಆಯಾ ಕಾಲದ ಸಾವು ಆಯಾ ವರ್ಷದ ಎಡೆಯ ಮೇಲೆ ಬಂದು ಕೂರುತ್ತದೆ. ಹಬ್ಬ ಉಳಿದು ಬಂದಿರುವುದು ಹೀಗೆ.

ಎಡೆ ಇಡಲಾಗದವರು

ಆದರೆ ಎಡೆ ಇಡಬೇಕಾದರೆ ಒಂದು ವಿಷಯ ಖಚಿತವಾಗಿರಬೇಕು: ಆ ವ್ಯಕ್ತಿ ಸತ್ತಿದ್ದಾನೆ ಎಂಬುದು. ಇಂದಿನ ಮೆಕ್ಸಿಕೊದ ಎಷ್ಟೋ ಮನೆಗಳಿಗೆ ಅದೇ ತಿಳಿದಿಲ್ಲ.

2006ರ ಕೊನೆಯಲ್ಲಿ ಸರ್ಕಾರ ಮಾದಕ ವಸ್ತು ಸಾಗಣೆಯ ಗುಂಪುಗಳ ವಿರುದ್ಧ ಸೈನ್ಯ ಇಳಿಸಿದ ಮೇಲೆ ಕೊಲೆ, ಅಪಹರಣಗಳು ಮಿತಿಮೀರಿದವು. 1964ರಿಂದ ಲೆಕ್ಕ ಇಡುವ ಸರ್ಕಾರಿ ದಾಖಲೆಯಲ್ಲಿ, ಪತ್ತೆಯಾಗದೆ ಉಳಿದವರ ಸಂಖ್ಯೆ 2022ರ ಮೇ ತಿಂಗಳಲ್ಲಿ ಒಂದು ಲಕ್ಷ ದಾಟಿತು. ಅದರಲ್ಲಿ ಹೆಚ್ಚಿನವರು 2006ರ ನಂತರ ಕಾಣೆಯಾದವರು. 2014ರ ಸೆಪ್ಟೆಂಬರ್ 26ರ ರಾತ್ರಿ ಗೆರೆರೊ ರಾಜ್ಯದ ಇಗ್ವಾಲಾ ಪಟ್ಟಣದಲ್ಲಿ ಆಯೊತ್ಸಿನಾಪಾ ಶಿಕ್ಷಕರ ತರಬೇತಿ ಶಾಲೆಯ 43 ವಿದ್ಯಾರ್ಥಿಗಳು ಕಾಣೆಯಾದರು. ನಂತರದ ವರ್ಷಗಳಲ್ಲಿ ಮೂವರ ಮೂಳೆಯ ಚೂರುಗಳನ್ನು ಗುರುತಿಸಲು ಸಾಧ್ಯವಾಯಿತು, ಅಷ್ಟೇ.

ಇಂಥ ಮನೆಗಳ ತಾಯಂದಿರು ತಾವೇ ಗುಂಪು ಕಟ್ಟಿಕೊಂಡು ಹುಡುಕಲು ಹೊರಟಿದ್ದಾರೆ. ಅನುಮಾನವಿದ್ದ ಬಯಲುಗಳಿಗೆ ಸಲಿಕೆ, ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಹೋಗುತ್ತಾರೆ. ಸಲಾಕೆಯನ್ನು ನೆಲಕ್ಕೆ ಹೊಡೆದು, ಹೊರಗೆಳೆದು, ಅದರ ತುದಿಯನ್ನು ಮೂಸಿ ನೋಡುತ್ತಾರೆ. ಕೊಳೆತ ವಾಸನೆ ಬಂದರೆ ಅಲ್ಲಿ ಅಗೆಯುತ್ತಾರೆ. ಈ ಕೆಲಸಕ್ಕಾಗಿ ಪ್ರಾಣ ತೆತ್ತ ತಾಯಂದಿರೂ ಇದ್ದಾರೆ.

ನವೆಂಬರ್ ಬಂದಾಗ ಇವರ ಮುಂದೆ ಏಳುವ ಪ್ರಶ್ನೆ ಬೇರೆಯವರಿಗಿಲ್ಲದ್ದು. ಮಗನ ಫೋಟೋವನ್ನು ಎಡೆಯ ಮೇಲೆ ಇಡಬೇಕೆ? ಇಟ್ಟರೆ ಅವನು ಸತ್ತನೆಂದು ತಾವೇ ಒಪ್ಪಿದಂತೆ, ಹುಡುಕಾಟ ಬಿಟ್ಟಂತೆ. ಇಡದೇ ಹೋದರೆ, ಎಲ್ಲೋ ಮಣ್ಣಿನಡಿ ಇದ್ದರೂ ಇರಬಹುದಾದ ಅವನಿಗೆ ಹನಿ ನೀರೂ ಇಲ್ಲ. ಕೆಲವರು ಇಡುತ್ತಾರೆ. ಫೋಟೋ ಇಡಲು ಒಪ್ಪದವರೂ ಅನೇಕರಿದ್ದಾರೆ. ಬದುಕಿದ್ದಾಗ ಕರೆದೊಯ್ದಿದ್ದಾರೆ, ಬದುಕಿರುವವರನ್ನೇ ಹಿಂತಿರುಗಿಸಲಿ ಎಂಬುದು ಅವರ ಬೇಡಿಕೆ. ಅವರ ಮಕ್ಕಳ ಚಿತ್ರಗಳು ಮನೆಯ ಎಡೆಯ ಬದಲು ಬೀದಿಯ ಗೋಡೆಗಳ ಮೇಲೆ, ಮೆರವಣಿಗೆಯ ಫಲಕಗಳ ಮೇಲೆ, ಕಾಣೆಯಾದ ದಿನಾಂಕದ ಜೊತೆ ಇರುತ್ತವೆ.

ನೆನೆಯಲು ಯಾರೂ ಇಲ್ಲದ ಜೀವಕ್ಕೂ ಒಂದು ಲೋಟ ನೀರು ತೆಗೆದಿಡುವ ಹಬ್ಬ ಇದು. ನೆನೆಯುವವರಿದ್ದೂ ಸತ್ತವರ ಸಾಲಿಗೆ ಸೇರಿಸಲಾಗದವರಿಗೆ ಏನು ಇಡಬೇಕೆಂದು ಅದಕ್ಕೆ ಇನ್ನೂ ತಿಳಿದಿಲ್ಲ. ಸಿಡುಬಿನ ಕಾಲದಲ್ಲಿ, ಕ್ರಾಂತಿಯ ಕಾಲದಲ್ಲಿ, ಭೂಕಂಪದ ಕಾಲದಲ್ಲಿ ಎಡೆಯ ಮೇಲೆ ಜಾಗ ಮಾಡಿಕೊಂಡ ಜನ ಇದಕ್ಕೂ ಒಂದು ರೀತಿ ಕಂಡುಕೊಳ್ಳಬಹುದು. ಅಲ್ಲಿಯವರೆಗೆ ಬೀದಿಯ ಬೇರೆ ಮನೆಗಳ ಬಾಗಿಲಿಗೆ ಚೆಂಡು ಹೂವಿನ ದಾರಿ ಹಾಸಿರುವಾಗ, ಒಂದೆರಡು ಮನೆಗಳ ಹೊಸ್ತಿಲು ಬರಿದಾಗಿಯೇ ಇರುತ್ತದೆ.